ಹಿಂದಿನ ದಿನಗಳ ಮಾತು

ಮನೆಯಲ್ಲಿ ಯಾರಾದರೂ ಮಂಕಾಗಿ ಮೂಲೆ ಸೇರಿದರೆ ನಾವು ಇವತ್ತಿನ ಬಾಡಿದ ಮುಖವನ್ನಷ್ಟೇ ನೋಡುತ್ತೇವೆ. ಪ್ಯಾರಿಸ್ಸಿನ ವೈದ್ಯ ಫಾಲ್ರೇ ರೋಗಿಗಳ ಹಿಂದಿನ ದಿನಗಳನ್ನೂ ನೋಡಿದರು. ಉನ್ಮಾದ, ಖಿನ್ನತೆ ಸರದಿಯಂತೆ ಬರುವ ಕಾಯಿಲೆಯನ್ನು 1854ರಲ್ಲಿ ವಿವರಿಸಿ, ಚಕ್ರದಂತೆ ಸುತ್ತುವ ಹುಚ್ಚು ಎಂದರು. 1899ರಲ್ಲಿ ಜರ್ಮನಿಯ ಕ್ರೇಪೆಲಿನ್ ಉನ್ಮಾದವಿಲ್ಲದೆ ಮರುಕಳಿಸುವ ಖಿನ್ನತೆಯನ್ನೂ ಅದರೊಳಗೇ ಸೇರಿಸಿಬಿಟ್ಟರು. ಇವೆರಡೂ ಬೇರೆ ಎಂದು 1957ರಲ್ಲಿ ಲಿಯೊನ್‌ಹಾರ್ಡ್ ವಾದಿಸಿದರು. 1966ರಲ್ಲಿ ಸ್ವಿಟ್ಜರ್ಲೆಂಡಿನ ಆಂಗ್ಸ್ಟ್, ಸ್ವೀಡನ್ನಿನ ಪೆರಿಸ್ ಅದಕ್ಕೆ ಪುರಾವೆ ಒದಗಿಸಿದರು.

ಈ ಭೇದ ಬರೀ ಪಂಡಿತರ ಜಗಳವಲ್ಲ. ಬೈಪೋಲಾರ್ ಕಾಯಿಲೆಯವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳಬಹುದು. ಆದರೆ ಖಿನ್ನತೆಯಲ್ಲಿರುವಾಗ ಇಬ್ಬರೂ ಬಹುಮಟ್ಟಿಗೆ ಒಂದೇ ತೆರ: ಬುದ್ಧಿ ಓಡದು, ಯಾವುದೂ ರುಚಿಸದು, ತನ್ನದೇ ತಪ್ಪೆಂಬ ಕೊರಗು. ಗುರುತು ಸಿಗುವುದು ಹಿಂದಿನ ದಿನಗಳಲ್ಲಿ. ನಿದ್ದೆಗೆಟ್ಟರೂ ದಣಿಯದೆ, ಯೋಚನೆಗಳು ಒಂದರ ಮೇಲೊಂದು ನುಗ್ಗಿ, ಕೈಬಿಚ್ಚಿ ಖರ್ಚು ಮಾಡಿದ ದಿನಗಳವು. ರೋಗಿಗೆ ಅವು ಕಾಯಿಲೆ ಎನಿಸದೇ ಇರಬಹುದು. ವೈದ್ಯರಿಗೆ ಹೇಳದೆಯೂ ಇರಬಹುದು. ಕಂಡವರು ಮನೆಯವರು. ಅದಕ್ಕೇ ನಾನು ಗೆಳತಿಯರಿಗೆ ಹೇಳುವುದಿಷ್ಟೆ: ಡಾಕ್ಟರ ಬಳಿ ಹೋದಾಗ ಅತ್ತ ದಿನಗಳ ಜೊತೆ, ಅತಿಯಾಗಿ ನಕ್ಕ ದಿನಗಳನ್ನೂ ಹೇಳಿ.