ಗೋಡೆಗೇರಿದ ಫೈರ್ ಇಂಜಿನ್ ಪೈಪು



ನಿನ್ನೆ ರಾತ್ರಿ ಮೊಬೈಲಲ್ಲಿ ಒಂದು ಫೋಟೋ ನೋಡಿದೆ. ಹಳೇ ಫೈರ್ ಇಂಜಿನ್ ಪೈಪುಗಳನ್ನ ಪಟ್ಟಿ ಪಟ್ಟಿಯಾಗಿ ಒತ್ತೊತ್ತಾಗಿ ಜೋಡಿಸಿ ಗೋಡೆಗೆ ನಿಲ್ಲಿಸಿದ್ದಾರೆ. ಮಾಸಿದ ಬಣ್ಣ, ಸವೆದ ಬಟ್ಟೆ. ನಮ್ಮಜ್ಜಿ ಹೊಲಿಯುತ್ತಿದ್ದ ಕೌದಿ ನೆನಪಾಯ್ತು. ಮಾಡಿದವರು ಶಿಕಾಗೋದ ಕಪ್ಪು ಕಲಾವಿದ ಥಿಯೆಸ್ಟರ್ ಗೇಟ್ಸ್. ಇವರಪ್ಪ ಚಾವಣಿಗೆ ಟಾರು ಬಳಿಯೋ ಕೆಲಸದವರು. ಈ ಸರಣಿಯ ಹೆಸರು ‘ಸಿವಿಲ್ ಟ್ಯಾಪೆಸ್ಟ್ರಿ’. ಅದರಲ್ಲೊಂದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಪೈಪಲ್ಲಿ ಎಂಥಾ ಕಲೆ ಅಂತೀರಾ? ಹಾಗಾದ್ರೆ 1963ಕ್ಕೆ ಹೋಗೋಣ.

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರ. ಕುಡಿಯೋ ನೀರಿನ ನಲ್ಲಿ ಕೂಡ ಬಿಳಿಯರಿಗೊಂದು, ಕಪ್ಪು ಜನಕ್ಕೊಂದು. ದೊಡ್ಡವರು ಬೀದಿಗಿಳಿದರೆ ಕೆಲಸ ಹೋಗುತ್ತೆ, ಮನೆ ಒಲೆ ಆರುತ್ತೆ. ಅದಕ್ಕೇ ಮಕ್ಕಳು ಹೊರಟರು. ಮೇ 2ರಂದು ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆ ಬಿಟ್ಟು, 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಿಂದ ಸಾಲಾಗಿ ಹೊರಬಂದರು. ನೂರಾರು ಮಕ್ಕಳು ಒಂದೇ ದಿನ ಜೈಲು ಸೇರಿದರು. ಮರುದಿನ ಇನ್ನಷ್ಟು ಮಕ್ಕಳು ಬಂದರು!

ಆಗ ಬುಲ್ ಕಾನರ್ ಅನ್ನೋ ಅಧಿಕಾರಿ, ಪೊಲೀಸು ಮತ್ತು ಅಗ್ನಿಶಾಮಕ ದಳ ಎರಡೂ ಅವನ ಕೈಯಲ್ಲೇ, ನಾಯಿ ಬಿಡಿಸಿದ, ಪೈಪು ತಿರುಗಿಸಿದ. ಆ ನೀರಿನ ರಭಸಕ್ಕೆ ಮಕ್ಕಳ ಮೈಮೇಲಿನ ಬಟ್ಟೆ ಹರಿಯಿತು, ರಸ್ತೆ ಮೇಲೆ ಉರುಳಿಕೊಂಡು ಹೋದರು. ಬೆಂಕಿ ಬಿದ್ದ ಮನೆ ಉಳಿಸೋಕೆ ಅಂತ ಇರೋ ಪೈಪು ಅದು. ಚಾರ್ಲ್ಸ್ ಮೂರ್ ತೆಗೆದ ಫೋಟೋಗಳು ‘ಲೈಫ್’ ಪತ್ರಿಕೆಯಲ್ಲಿ ಬಂದವು, ಲೋಕವೇ ನೋಡಿತು. ಸೆಪ್ಟೆಂಬರ್ 15ಕ್ಕೆ ಅದೇ ಚರ್ಚಿಗೆ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನ ಕೊಂದರು. ನಾಗರಿಕ ಹಕ್ಕು ಕಾಯ್ದೆ ಬರೋಕೆ 1964ರ ಜುಲೈ ಆಗಬೇಕಾಯ್ತು.

ಗೇಟ್ಸ್ ಬಳಸಿದ್ದು ಬರ್ಮಿಂಗ್‌ಹ್ಯಾಮಿನ ಅದೇ ಪೈಪುಗಳಲ್ಲ, ಬೇರೆ ಕಡೆ ಬಳಸಿ ಬಿಟ್ಟವು. ಇದನ್ನ ತಪ್ಪು ಹೇಳೋರಿದ್ದಾರೆ, ನೆನಪಿರಲಿ. ನನಗಂತೂ ಅದರಿಂದಲೇ ಭಯ ಜಾಸ್ತಿಯಾಯ್ತು. ಅಂದ್ರೆ ಯಾವ ಊರಿನ ಪೈಪಾದ್ರೂ ಆಗಬಹುದಿತ್ತು ಅಲ್ವಾ?

ನಮಗೆ ನೀರಿನ ಕಥೆ ಯಾರೂ ಹೇಳಿಕೊಡಬೇಕಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಸೆಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆ ‘ಶುದ್ಧ’ ಮಾಡಿದರು. ಕೋರ್ಟಲ್ಲಿ ಗೆಲ್ಲೋಕೆ 1937 ಆಯ್ತು. ಇಲ್ಲಿ ನೀರು ಮುಟ್ಟಬೇಡಿ ಅಂತ ಹೊಡೆದರು, ಅಲ್ಲಿ ನೀರಿನಿಂದಲೇ ಹೊಡೆದರು. ನಾನು ಚಿಕ್ಕವನಿದ್ದಾಗ ಹೋಟೆಲಲ್ಲಿ ಬೊಗಸೆಗೆ ಮೇಲಿಂದ ನೀರು ಹುಯ್ಯೋರು. ಆ ಚೊಂಬನ್ನ ಯಾರಾದ್ರೂ ಗೋಡೆಗೆ ತೂಗುಹಾಕಿದರೆ ಬರೀ ಚೊಂಬು ಅಂತೀನಾ?

‘ನಮ್ಮ ನೋವನ್ನ ಶ್ರೀಮಂತರು ಹಾಲಲ್ಲಿ ನೇತುಹಾಕ್ತಾರೆ’ ಅಂತ ಒಬ್ಬ ಗೆಳೆಯ ಜಗಳ ತೆಗೆದ. ಮಾತಲ್ಲಿ ಸತ್ಯ ಇದೆ, ನಾನು ಅಲ್ಲಗಳೆಯಲ್ಲ. ಆದರೆ ಗೇಟ್ಸ್ ಶಿಕಾಗೋದ ದಕ್ಷಿಣ ಭಾಗದಲ್ಲಿ, ಕಪ್ಪು ಜನರ ಕೇರಿಯಲ್ಲಿ, ಪಾಳುಬಿದ್ದ ಬ್ಯಾಂಕ್ ಕಟ್ಟಡವೊಂದನ್ನ ಒಂದು ಡಾಲರಿಗೆ ಪಡೆದು, ಅದರದ್ದೇ ಅಮೃತಶಿಲೆ ತುಂಡುಗಳನ್ನ ಕಲಾಕೃತಿ ಅಂತ ಮಾರಿ ದುಡ್ಡು ಎತ್ತಿದರು. 2015ರಲ್ಲಿ ಅಲ್ಲಿ ಲೈಬ್ರರಿ, ಗ್ಯಾಲರಿ ತೆರೆದವು.

ಅವರದ್ದೇ ಇನ್ನೊಂದು ಕೃತಿ ಇದೆ: ಪೆಟ್ಟಿಗೆಯೊಳಗೆ ಮಡಚಿಟ್ಟ ಪೈಪು. ಹೆಸರು ‘ಜನಾಂಗೀಯ ಗಲಭೆಯಾದಲ್ಲಿ’. ನಾನು ಕೆಲಸ ಮಾಡೋ ಕಟ್ಟಡದ ಮೆಟ್ಟಿಲ ಪಕ್ಕವೂ ಅಂಥದ್ದೇ ಒಂದು ಕೆಂಪು ಪೆಟ್ಟಿಗೆ ಇದೆ. ಇವತ್ತು ಬೆಳಿಗ್ಗೆ ಅದರ ಮುಂದೆ ಸುಮ್ಮನೆ ನಿಂತಿದ್ದೆ.