ಚಳಿ ತಾಕಿದ ಮೇಲಿನ ಉರಿ: ಹೊತ್ತು ಕೊಡುವ ಸುಳಿವು

ಚಳಿಯಲ್ಲಿದ್ದು ಬಂದ ಮೇಲೆ ಬೆರಳು, ಪಾದ ಉರಿಯುತ್ತವೆ ಎಂಬ ದೂರಿನ ಹಿಂದೆ ಹಲವು ಕಾಯಿಲೆಗಳಿರಬಹುದು. ಅವನ್ನು ಬೇರ್ಪಡಿಸಲು ಉರಿಯ ತೀವ್ರತೆಗಿಂತ ಅದು ಶುರುವಾದ ಹೊತ್ತು ಹೆಚ್ಚು ನೆರವಾಗುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಕೈ ಬೆಚ್ಚಗಾಗುತ್ತಿದ್ದಂತೆ ಉರಿ ಬಂದರೆ ಮೊದಲು ಪರಿಗಣಿಸಬೇಕಾದದ್ದು ಫ್ರೆಂಚ್ ವೈದ್ಯ ಮೋರಿಸ್ ರೇನೋ 1862ರಲ್ಲಿ ವಿವರಿಸಿದ ಸ್ಥಿತಿ. ಚಳಿಗೆ ಸಣ್ಣ ರಕ್ತನಾಳಗಳು ಅತಿಯಾಗಿ ಬಿಗಿದು ಬೆರಳು ಬಿಳಿಚುತ್ತದೆ, ನೀಲಿಗಟ್ಟುತ್ತದೆ. ರಕ್ತ ಮರಳಿದಾಗ ಕೆಂಪೇರಿ ಉರಿಯುತ್ತದೆ. ಮೂರು ಬಣ್ಣವೂ ಎಲ್ಲರಲ್ಲಿ ಕಾಣುವುದಿಲ್ಲ. ಕಂದು ಚರ್ಮದಲ್ಲಿ ಕೆಂಪು ಮಸುಕಾಗಿರುವುದರಿಂದ ಅಂಗೈಯನ್ನೂ ಉಗುರಿನಡಿಯನ್ನೂ ನೋಡಬೇಕು. ಬಣ್ಣ ಬದಲಾದಾಗಲೇ ಫೋಟೊ ತೆಗೆದಿಡುವಂತೆ ರೋಗಿಗೆ ಹೇಳುವುದು ಒಳ್ಳೆಯದು. ಹರೆಯದ ಹೆಣ್ಣುಮಕ್ಕಳಲ್ಲಿ ಇದು ಬಹುಪಾಲು ಬೇರೆ ರೋಗವಿಲ್ಲದೆಯೇ ಬರುತ್ತದೆ. ಆದರೆ 40 ದಾಟಿದ ಮೇಲೆ ಮೊದಲ ಸಲ ಬಂದರೆ, ಬೆರಳ ತುದಿ ಹುಣ್ಣಾದರೆ, ಸ್ಕ್ಲೀರೋಡರ್ಮಾ, ಲೂಪಸ್‌ಗಳಿಗಾಗಿ ಹುಡುಕಲೇಬೇಕು. ಒಂದೇ ಕೈಯಲ್ಲಿದ್ದರೆ ಆ ತೋಳಿನ ರಕ್ತನಾಳ ಕಟ್ಟಿದೆಯೇ ಎಂದು ನೋಡಬೇಕು. ಮೈಗ್ರೇನಿಗೆ ಕೊಡುವ ಪ್ರೊಪ್ರನೊಲಾಲ್ ಕೂಡ ಇದನ್ನು ಕೆರಳಿಸಬಲ್ಲದು; ಹಾಗಾಗಿ ಮಾತ್ರೆಗಳ ವಿವರ ಕೇಳುವುದು ತಪ್ಪಬಾರದು.

ಉರಿ ಹಲವು ಗಂಟೆ ತಡವಾಗಿ, ತುರಿಕೆ ಮತ್ತು ನೇರಳೆಗೆಂಪು ಊತದೊಡನೆ ಬಂದರೆ ಅದು ಚಿಲ್‌ಬ್ಲೇನ್ ಇರಬಹುದು. ಇದಕ್ಕೆ ನೀರು ಹೆಪ್ಪುಗಟ್ಟುವಷ್ಟು ಚಳಿಯೇ ಬೇಕಿಲ್ಲ. ಒದ್ದೆ ಕಾಲುಚೀಲ, ತೇವದ ಥಂಡಿ ಸಾಕು. ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮಾಯುತ್ತದೆ.

ತಣ್ಣನೆಯದನ್ನು ಮುಟ್ಟಿದ ಕ್ಷಣವೇ ಬೆರಳು ಚುಚ್ಚಿ ಉರಿಯುವುದು ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ಪಡೆದವರ ಪರಿಚಿತ ತೊಂದರೆ. ಫ್ರಿಜ್ಜಿನ ಬಾಟಲಿ ಹಿಡಿಯುವುದೂ ಅವರಿಗೆ ಕಷ್ಟ.

ಚರ್ಮದಲ್ಲಿ ಏನೂ ಕಾಣದಿದ್ದರೂ ಉರಿ ನಿಜವೇ. 1896ರಲ್ಲಿ ಸ್ವೀಡನ್ನಿನ ಥುನ್‌ಬರ್ಗ್ ತೋರಿಸಿದಂತೆ, ಒಂದು ಬಿಟ್ಟು ಒಂದರಂತೆ ಜೋಡಿಸಿದ ಬೆಚ್ಚನೆಯ ಮತ್ತು ತಂಪಾದ ಸರಳುಗಳ ಮೇಲೆ ಕೈಯಿಟ್ಟರೆ, ಯಾವ ಗಾಯವೂ ಇಲ್ಲದೆ ಉರಿಯ ಅನುಭವವಾಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಸಣ್ಣ ನರತಂತುಗಳು ಕೆಟ್ಟಾಗಲೂ ತಂಪಿನ ಸ್ಪರ್ಶ ಉರಿಯಾಗಿ ತೋರಬಹುದು. ಸಾಮಾನ್ಯ ನರ ಪರೀಕ್ಷೆ ದಪ್ಪ ತಂತುಗಳನ್ನಷ್ಟೇ ಅಳೆಯುವುದರಿಂದ, ಅದರ ವರದಿ ಸರಿಯಿದೆ ಎಂದು ರೋಗಿಯನ್ನು ಮನೆಗೆ ಕಳಿಸುವುದು ನ್ಯಾಯವಲ್ಲ.

ಕಾರಣ ಯಾವುದೇ ಇರಲಿ, ಚಳಿಗೆ ಮರಗಟ್ಟಿದ ಕೈಕಾಲನ್ನು ಬೆಂಕಿಗೆ ಹಿಡಿಯಬೇಡಿ, ಉಜ್ಜಬೇಡಿ. ಸ್ಪರ್ಶಜ್ಞಾನವಿಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಬೊಕ್ಕೆ ಎದ್ದರೆ, ಬೆರಳು ಕಪ್ಪಾದರೆ, ಮರಗಟ್ಟಿದ್ದು ಬಿಡದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.