ಯಾರಿಗೆ ಸ್ವಾತಂತ್ರ್ಯ?

ಸರ್ಕಾರ ಚಿಕ್ಕದಿರಬೇಕು, ಪೊಲೀಸು, ಕೋರ್ಟು, ಸೈನ್ಯ ಇದ್ದರೆ ಸಾಕು, ಉಳಿದದ್ದೆಲ್ಲ ಆಸ್ತಿ ಇದ್ದವನ ಇಷ್ಟ ಅನ್ನುವ ವಾದವೊಂದಿದೆ. ಅಮೆರಿಕದ ರಾಬರ್ಟ್ ನೋಜಿಕ್ 1974ರಲ್ಲಿ ಇದನ್ನು ತತ್ವವಾಗಿಯೇ ಕಟ್ಟಿದ. ಕೇಳೋಕೆ ಚೆನ್ನಾಗಿದೆ. ಆದರೆ ಬಾಗಿಲ ಹೊರಗೆ ನಿಂತವನ ಗತಿ?

ಅಟ್ಲಾಂಟಾದಲ್ಲಿ ‘ಹಾರ್ಟ್ ಆಫ್ ಅಟ್ಲಾಂಟಾ’ ಅಂತ ಒಂದು ಮೋಟೆಲ್ ಇತ್ತು. 216 ಕೋಣೆ. ಕಪ್ಪು ಜನಕ್ಕೆ ಒಂದೂ ಇಲ್ಲ. 1964ರ ಜುಲೈ 2ರಂದು ಬಂದ ನಾಗರಿಕ ಹಕ್ಕುಗಳ ಕಾಯ್ದೆ, ಬಣ್ಣ ನೋಡಿ ಯಾರನ್ನೂ ಹೊರಗೆ ನಿಲ್ಲಿಸುವಂತಿಲ್ಲ ಎಂದಿತು. ಮಾಲೀಕ ಕೋರ್ಟಿಗೆ ಹೋದ. ನನ್ನ ಆಸ್ತಿ, ನನ್ನ ಇಷ್ಟ ಎಂದ. ಅವರಿಗೆ ಕೋಣೆ ಕೊಡು ಅನ್ನೋದು ನನ್ನನ್ನೇ ಜೀತಕ್ಕೆ ಹಚ್ಚಿದ ಹಾಗೆ ಎಂದ. ಅದಕ್ಕೆ ಅವನು ಹಿಡಿದ ಆಸರೆ, 1865ರಲ್ಲಿ ಗುಲಾಮಗಿರಿಯನ್ನು ತೊಡೆದುಹಾಕಿದ 13ನೇ ತಿದ್ದುಪಡಿ! ಗುಲಾಮರ ಮೊಮ್ಮಕ್ಕಳನ್ನು ಹೊರಗಿಡಲು ಗುಲಾಮರ ಬಿಡುಗಡೆಯ ಕಾನೂನೇ ಬೇಕಾಯಿತು. ಡಿಸೆಂಬರ್ 14ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಅವನ ವಾದವನ್ನು ತಳ್ಳಿಹಾಕಿತು.

ಹಾಗಂತ ಸರ್ಕಾರವೇನು ನಮ್ಮ ಹೆತ್ತಪ್ಪನಲ್ಲ. ಕಪ್ಪು ಜನಕ್ಕೆ ಬೇರೆ ರೈಲು ಡಬ್ಬಿ ಮಾಡಿದ್ದು 1890ರ ಲೂಸಿಯಾನಾದ ಕಾನೂನು. 1896ರಲ್ಲಿ ಅದಕ್ಕೆ ಮುದ್ರೆ ಒತ್ತಿದ್ದು ಇದೇ ಸುಪ್ರೀಂ ಕೋರ್ಟು. ಸರ್ಕಾರವನ್ನು ನಂಬಬೇಡಿ ಅನ್ನುವವರ ಮಾತಿನಲ್ಲಿ ಇಷ್ಟು ಸತ್ಯವಿದೆ. 1964ರ ಕಾಯ್ದೆಯೂ ಆಕಾಶದಿಂದ ಉದುರಲಿಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರ ಜಾಗದಲ್ಲಿ ಕೂತು ಕಾಫಿ ಕೇಳಿದರು. ಅವರು ಕೊಡಲಿಲ್ಲ. ಇವರು ಏಳಲಿಲ್ಲ. ಇಂಥ ಸಾವಿರಾರು ಜನ ಕೂತು, ನಡೆದು, ಜೈಲು ಸೇರಿದ ಮೇಲೆ ಕಾಯ್ದೆ ಬಂತು.

ನಮಗೆ ಇದೇನು ಹೊಸ ಕತೆಯೆ? ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಲಿ ಎಂದು ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ನಿರ್ಣಯ ಕಾಗದದಲ್ಲೇ ಇತ್ತು. ಮಹಾಡದ ಚವದಾರ್ ಕೆರೆಗೆ ಅಂಬೇಡ್ಕರ್ ಜೊತೆ ಜನ ನಡೆದು ನೀರು ಕುಡಿದದ್ದು 1927ರ ಮಾರ್ಚ್ 20ರಂದು. ಕುಡಿದವರಿಗೆ ಹೊಡೆತ ಬಿತ್ತು. ಸವರ್ಣರು ಕೋರ್ಟಿಗೂ ಹೋದರು. ಅವರ ವಾದವೇನು ಗೊತ್ತೆ? ಕೆರೆ ಖಾಸಗಿ ಆಸ್ತಿ! ಆ ದಾವೆ ಹೈಕೋರ್ಟಿನಲ್ಲಿ ಬಿದ್ದುಹೋಗಲು 1937 ಬರಬೇಕಾಯಿತು.

ಅಟ್ಲಾಂಟಾದ ಮಾಲೀಕನೂ ಮಹಾಡದ ಮೇಲ್ಜಾತಿಯವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಭಾಷೆ ಮಾತ್ರ ಒಂದೇ.

ಸರ್ಕಾರ ಹಿಂದೆ ಸರಿದರೆ ಉಳಿಯುವ ಸ್ವಾತಂತ್ರ್ಯ ಜಮೀನ್ದಾರ ಗೇಣಿ ಏರಿಸುವ ಸ್ವಾತಂತ್ರ್ಯ ಎಂದು ಅಂಬೇಡ್ಕರ್ 1947ರಲ್ಲೇ ಎಚ್ಚರಿಸಿದ್ದರು. ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಾಗಿಲನ್ನು 1950ರ ಸಂವಿಧಾನದ 15ನೇ ವಿಧಿ ತೆರೆಯಿತು. ಅಮೆರಿಕಕ್ಕಿಂತ 14 ವರ್ಷ ಮೊದಲು. ಆದರೂ ಊರ ಹೋಟೆಲಿನಲ್ಲಿ ನಮಗಾಗಿ ಬೇರೆ ಲೋಟ ಉಳಿದೇ ಇತ್ತು. ಅದನ್ನು ಎತ್ತಿ ಒಡೆಯೋದಕ್ಕೆ ಕಾನೂನು ಬೇಕು, ನಿಜ. ಕೈ ಮಾತ್ರ ನಮ್ಮದೇ ಆಗಬೇಕು.